ರಾಡಿ ಧ್ವನಿ: ವಾಲ್ವ್ ತರಿಸುವ ಮುಂಚೆ ಪಿನ್ 5 ನೋಡಿ

ಅಣ್ಣಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಬಾಗಲಕೋಟೆಯಲ್ಲಿ ನಿಮ್ಮ ಕಾಕಾ ಬಿಟ್ಟುಹೋದ 5 ವಾಟಿನ ಹಳೆ ಗಿಟಾರ್ ಆಂಪ್. ಒಳಗೆ ಗಾಜಿನ ಕೊಳವೆಯಂಥ ವಾಲ್ವುಗಳು: ಗಿಟಾರಿನ ಸಣ್ಣ ಧ್ವನಿಯನ್ನು ಮೊದಲು ಹಿಗ್ಗಿಸುವ 12ಎಎಕ್ಸ್7 ಒಂದು, ಸ್ಪೀಕರ್ ನಡೆಸುವ 6ವಿ6 ಒಂದು, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕೂಡ ವಾಲ್ವ್. ಚಾಲೂ ಮಾಡಿದ ಹತ್ತು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಧ್ವನಿ ರಾಡಿ. ವಾಲ್ವ್ ಎಲ್ಲ ಹೊಸದು ತರಿಸಲಾ ಅಂತ ಕೇಳಿದ್ದೀರಿ.

ಈಗಲೇ ಬೇಡ. ಕೇಬಲ್ಲೋ ಪಿಕಪ್ಪೋ ಕಾರಣವಾಗಿದ್ದರೆ ಮೊದಲ ನಿಮಿಷದಿಂದಲೇ ಮಬ್ಬಾಗಿರುತ್ತಿತ್ತು, ಅಲ್ವಾ? ಬಿಸಿಯಾದ ಮೇಲೆ ಕೆಡುತ್ತಿದೆ ಅಂದರೆ ನನ್ನ ಮೊದಲ ಅನುಮಾನ 12ಎಎಕ್ಸ್7 ಮತ್ತು 6ವಿ6 ನಡುವಿನ ಕಪ್ಲಿಂಗ್ ಕೆಪಾಸಿಟರ್ ಮೇಲೆ. ಅದರ ಕೆಲಸ ಧ್ವನಿಯನ್ನು ದಾಟಿಸಿ ಡಿಸಿಯನ್ನು ತಡೆಯುವುದು. ಹಳೆಯದಾದರೆ ಡಿಸಿ ಸೋರುತ್ತದೆ. ಆಗ 6ವಿ6 ಜಾಸ್ತಿ ಕರೆಂಟ್ ಎಳೆಯುತ್ತದೆ, ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಬಿಚ್ಚುವ ಮುಂಚೆ ಒಂದು ಮಾತು, ದಯವಿಟ್ಟು ಗಮನ ಕೊಡಿ. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. 10 ಕಿಲೋ ಓಮ್, 5 ವಾಟಿನ ರೆಸಿಸ್ಟರಿಗೆ ಕ್ಲಿಪ್ ವೈರ್ ಹಾಕಿ ಫಿಲ್ಟರ್ ಕೆಪಾಸಿಟರನ್ನು (ಡಿಸಿಯ ಏರಿಳಿತ ಸಮ ಮಾಡುವ ದೊಡ್ಡದು) ಖಾಲಿ ಮಾಡಿ, ಮೀಟರಿನಲ್ಲಿ ನೋಡಿ, ಆಮೇಲೆ ಮುಟ್ಟಿ. ಚಾಲೂ ಇದ್ದಾಗ ಅಳೆಯುವುದಾದರೆ ಒಂದೇ ಕೈ, ಇನ್ನೊಂದು ಜೇಬಿನಲ್ಲಿ. ಸ್ಪೀಕರ್ ಕಿತ್ತು ಆಂಪ್ ಚಾಲೂ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು.

ಈಗ 6ವಿ6 ಸಾಕೆಟ್ಟಿನ ಪಿನ್ 5, ಅಂದರೆ ಆ ಕೆಪಾಸಿಟರಿನಿಂದ ಧ್ವನಿ ಬಂದು ಸೇರುವ ಗ್ರಿಡ್. ಕೆಳಗಿನಿಂದ ನೋಡುವಾಗ ಖಾಚಿನಿಂದ ಶುರುಮಾಡಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಣಿಸಿ. ಮೀಟರಿನ ಕಪ್ಪು ವೈರನ್ನು ಚಾಸಿಗೆ (ಆಂಪಿನ ಲೋಹದ ಚೌಕಟ್ಟು) ಕ್ಲಿಪ್ ಮಾಡಿ, ಡಿಸಿ ವೋಲ್ಟ್ ನೋಡಿ. ಸೊನ್ನೆಯ ಆಸುಪಾಸು ಇರಬೇಕು. ಹತ್ತು ನಿಮಿಷದಲ್ಲಿ ನಿಧಾನಕ್ಕೆ 1, 2, 4 ಅಂತ ಏರಿದರೆ ಕಳ್ಳ ಸಿಕ್ಕ ಹಾಗೆ.

ಆದರೆ ಕೆಟ್ಟ 6ವಿ6 ಕೂಡ ಇದೇ ಲಕ್ಷಣ ತೋರಿಸುತ್ತದೆ. ಅದಕ್ಕೆ ಆಫ್ ಮಾಡಿ, ವಾಲ್ವ್ ಆರಿದ ಮೇಲೆ ಕಿತ್ತು, ಮತ್ತೆ ಚಾಲೂ ಮಾಡಿ ಅದೇ ಪಿನ್ ನೋಡಿ. ವೋಲ್ಟ್ ಹಾಗೇ ಇದ್ದರೆ ಕೆಪಾಸಿಟರ್ ಸೋರುತ್ತಿದೆ. ಮಾಯವಾದರೆ ವಾಲ್ವೇ ಕೆಟ್ಟಿದೆ, ಆಗ ಅದೊಂದನ್ನು ತರಿಸಿ. 6ವಿ6 ಇಲ್ಲದಾಗ ಒಳಗಿನ ವೋಲ್ಟೇಜ್ ಏರುತ್ತದೆ, ಹಾಗಾಗಿ ಅರ್ಧ ನಿಮಿಷದಲ್ಲಿ ಮುಗಿಸಿಬಿಡಿ.

ಹೊಸ ಕೆಪಾಸಿಟರ್ ಫಿಲ್ಮಿನದು, 630 ವೋಲ್ಟಿನದು ತನ್ನಿ. ಮೈಮೇಲೆ 223 ಅಂತ ಇರಬೇಕು, ಅಂದರೆ 0.022 ಮೈಕ್ರೋಫ್ಯಾರಡ್. ಇಲ್ಲಿ ಬೆಳಗಾವಿಯಲ್ಲಿ ನನ್ನ ಆಂಪ್ ಒಬ್ಬರ ಕೈಯಲ್ಲಿ ರಿಪೇರಿ ಆಗಿ ಬಂದಾಗ 224 ಹಾಕಿದ್ದರು, ಹತ್ತು ಪಟ್ಟು ದೊಡ್ಡದು. ಮೆಲ್ಲಗೆ ನುಡಿಸಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಜೋರಾಗಿ ತಂತಿ ಮೀಟಿದರೆ ಒಂದು ಕ್ಷಣ ಗಂಟಲು ಕಟ್ಟಿದ ಹಾಗಾಗಿ, ಆಮೇಲೆ ಬಿಡುತ್ತಿತ್ತು. ಕಾರಣ ಸಿಗಲು ಇಡೀ ಮಳೆಗಾಲ ಬೇಕಾಯಿತು. ಆ ಒಂದು ಅಂಕಿಯನ್ನು ಕನ್ನಡಕ ಹಾಕಿಕೊಂಡೇ ನೋಡಿ.

ವಾಲ್ವನ್ನು ಬಿಸಿ ಮಾಡುವ ಹೀಟರಿಗೆ, ಅಂದರೆ 6ವಿ6ರ ಪಿನ್ 2 ಮತ್ತು 7ರ ನಡುವೆ, ಎಸಿ 6.3 ವೋಲ್ಟ್ ಇದೆಯಾ ಅಂತಲೂ ಒಮ್ಮೆ ನೋಡಿಬಿಡಿ. ಪಂಪ್‌ಸೆಟ್ ಚಾಲೂ ಆದ ಹೊತ್ತಿಗೆ ಲೈನ್ ಬಿದ್ದು 5.5ಕ್ಕೆ ಇಳಿದರೆ ಯಾವ ವಾಲ್ವಿಗೂ ಜೀವ ಇರುವುದಿಲ್ಲ. ಧ್ವನಿಯ ಹಿಂದೆ ಗುಂಯ್ ಅನ್ನುವ ಹಮ್ ಕೂಡ ಇದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು, ನಿಮ್ಮ ಕಡೆಯ ಬಿಸಿಲಿಗೆ ಅದು ಬೇಗ ಆಗುತ್ತದೆ. ಆದರೆ ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ನುಡಿಸಿ ನೋಡಿ.

6ವಿ6ರ ಪಿನ್ 5 ಮತ್ತು ಪಿನ್ 8ರಲ್ಲಿ (ಕ್ಯಾಥೋಡ್, ಇಲ್ಲಿನ ವೋಲ್ಟ್ ವಾಲ್ವ್ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ಹೇಳುತ್ತದೆ) ಬಂದ ಡಿಸಿ ವೋಲ್ಟ್ ಇಲ್ಲೇ ಹಾಕಿ. ಚಾಲೂ ಮಾಡಿದ ಎರಡನೇ ನಿಮಿಷಕ್ಕೆ ಒಂದು ಸಲ, ಇಪ್ಪತ್ತನೇ ನಿಮಿಷಕ್ಕೆ ಇನ್ನೊಂದು ಸಲ. ಅದನ್ನು ನೋಡಿ ಮುಂದಿನದು ಹೇಳುತ್ತೇನೆ.