ಕ್ಯಾಲಿಫೋರ್ನಿಯಾದಲ್ಲಿ ವೇಗದ ಟಿಕೆಟ್: ಹಣ ಕಟ್ಟುವ ಮೊದಲು ಸೆಕ್ಷನ್ ನೋಡಿ

ನೀವು ಕೇಳಿರುವುದು ಎರಡು ಪ್ರಶ್ನೆ. 35 ಮೈಲಿ ಮಿತಿಯ ರಸ್ತೆಯಲ್ಲಿ 46ರ ವೇಗದಲ್ಲಿ ಹೋದಿರೆಂದು ಕೊಟ್ಟ ಟಿಕೆಟ್‌ಗೆ ಸಹಿ ಹಾಕಿದ್ದು ತಪ್ಪೊಪ್ಪಿಗೆಯಾಯಿತೇ? ಸುಮ್ಮನೆ ಹಣ ಕಟ್ಟಿ ಕೈತೊಳೆದುಕೊಳ್ಳಬೇಕೇ?

ಸಹಿ ತಪ್ಪೊಪ್ಪಿಗೆಯಲ್ಲ. ಅಲ್ಲಿ ಬರೆದ ದಿನಾಂಕದೊಳಗೆ ಕೋರ್ಟಿಗೆ ಉತ್ತರ ಕೊಡುತ್ತೇನೆಂದು ನೀವು ಕೊಟ್ಟ ಮಾತು, ಅಷ್ಟೆ. ಕೋರ್ಟು ಕಚೇರಿಯ ಮೆಟ್ಟಿಲು ಹತ್ತಬಾರದು ಎಂದು ಕೇಳುತ್ತಲೇ ಬೆಳೆದ ನಮಗೆ ಆ ಹಾಳೆ ಕೈಗೆ ಬಂದರೆ ಎದೆ ಝಲ್ಲೆನ್ನುವುದು ಸಹಜ. ಹೆದರಬೇಡಿ. ಇದು ದಂಡವಷ್ಟೇ ಇರುವ, ಜೈಲಿಲ್ಲದ ಸಣ್ಣ ತಪ್ಪಿನ ವರ್ಗಕ್ಕೆ ಸೇರಿದ್ದು. ಹಾಗಿದ್ದರೂ ಅದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸುವ ಹೊಣೆ ಎದುರು ಪಕ್ಷದ್ದೇ.

ಮೊದಲು ಟಿಕೆಟ್‌ನಲ್ಲಿರುವ ಸೆಕ್ಷನ್ ಸಂಖ್ಯೆ ನೋಡಿ. 22349 ಎಂದಿದ್ದು, ಹೆದ್ದಾರಿಯಲ್ಲಿ 65 ಮೀರಿದ್ದಾದರೆ ನಾನು ಮುಂದೆ ಹೇಳುವ ವಾದ ನಿಲ್ಲುವುದಿಲ್ಲ. 22350 ಎಂದಿದ್ದರೆ ಕಥೆಯೇ ಬೇರೆ. ಈ ಸೆಕ್ಷನ್ ಕೇಳುವುದು ಆ ಹೊತ್ತಿನ ಮಳೆ, ಬೆಳಕು, ಸಂಚಾರಕ್ಕೆ ನಿಮ್ಮ ವೇಗ ಸುರಕ್ಷಿತವಾಗಿತ್ತೇ ಎಂದು. ಫಲಕದ ಮೇಲಿನ 35 ಕೂಡ ಯಾರೋ ಮನಸ್ಸಿಗೆ ಬಂದಂತೆ ಬರೆದದ್ದಾಗಿರಬಾರದು. ಎಂಜಿನಿಯರ್‌ಗಳು ಅಲ್ಲಿ ಓಡುವ ಗಾಡಿಗಳ ವೇಗ ಅಳೆದು, ನೂರರಲ್ಲಿ ಎಂಬತ್ತೈದು ಗಾಡಿಗಳು ಯಾವ ವೇಗ ಮೀರುವುದಿಲ್ಲವೋ ಅದನ್ನು ಆಧಾರವಾಗಿಟ್ಟುಕೊಂಡು ಮಿತಿ ನಿಗದಿಮಾಡಬೇಕು. ಆ ಸಮೀಕ್ಷೆ ಹಳತಾಗಿದ್ದರೆ ರೇಡಾರ್ ಹಿಡಿದು ಕೊಟ್ಟ ಟಿಕೆಟ್ ಕಾನೂನಿನ ಕಣ್ಣಲ್ಲಿ 'ಸ್ಪೀಡ್ ಟ್ರ್ಯಾಪ್'. ಆ ಸಾಕ್ಷ್ಯವನ್ನು ಕೋರ್ಟು ಪರಿಗಣಿಸುವಂತಿಲ್ಲ. ಶಾಲೆಯ ಆಸುಪಾಸಿಗೆ, ಮನೆಗಳ ನಡುವಿನ ಸಣ್ಣ ಬೀದಿಗಳಿಗೆ ಈ ರಕ್ಷಣೆಯಿಲ್ಲ, ಇರಲೂ ಬಾರದು.

ನನಗೆ ಟಿಕೆಟ್ ಬಂದದ್ದು ಒಂದು ಭಾನುವಾರ ಬೆಳಗ್ಗೆ, ಆರು ಲೇನಿನ ಖಾಲಿ ರಸ್ತೆಯಲ್ಲಿ, 35ಕ್ಕೆ 44. ಸಾರ್ವಜನಿಕ ದಾಖಲೆಗಳ ಕಾನೂನಿನಡಿ ನಗರದ ಎಂಜಿನಿಯರಿಂಗ್ ವಿಭಾಗಕ್ಕೆ ಇಮೇಲ್ ಬರೆದು ಆ ರಸ್ತೆಯ ಸಮೀಕ್ಷೆ ಕೇಳಿದೆ. ಅವರು ಹತ್ತು ದಿನದೊಳಗೆ ಉತ್ತರಿಸಬೇಕು. ಬಂದದ್ದು ಎರಡೇ ಪುಟ. ಎಂಜಿನಿಯರರ ಮೊಹರಿನ ಪಕ್ಕದ ದಿನಾಂಕಕ್ಕೆ ಆಗಲೇ ಎಂಟು ವರ್ಷ. ಎಂಬತ್ತೈದು ಗಾಡಿಗಳ ಲೆಕ್ಕದ ಎದುರು 42 ಎಂದಿತ್ತು. ಆ ಅಂಕಿಯನ್ನು ನಾನು ಮತ್ತೆ ಮತ್ತೆ ಓದಿದೆ. ಸಮೀಕ್ಷೆಯ ಆಯುಸ್ಸು ಸಾಮಾನ್ಯವಾಗಿ ಐದು ವರ್ಷ. ಅಧಿಕಾರಿಗೆ ರೇಡಾರ್ ತರಬೇತಿಯಾಗಿದ್ದು, ಉಪಕರಣದ ಪರೀಕ್ಷೆಯೂ ಮೂರು ವರ್ಷದೊಳಗೆ ನಡೆದಿದ್ದರೆ ಏಳು. ಅದಕ್ಕೂ ಮುಂದೆ ಎಳೆಯಬೇಕಾದರೆ, ರಸ್ತೆಯಲ್ಲಿ ಗಣನೀಯ ಬದಲಾವಣೆ ಆಗಿಲ್ಲವೆಂದು ನೋಂದಾಯಿತ ಎಂಜಿನಿಯರ್ ಪರಿಶೀಲಿಸಿ ಹೇಳಿರಬೇಕು. ನನಗೆ ಕಳಿಸಿದ ಕಡತದಲ್ಲಿ ಅಂಥ ಹಾಳೆ ಇರಲಿಲ್ಲ.

ಕೋರ್ಟಿಗೆ ನಾನು ಹೋಗಲೇ ಇಲ್ಲ. ಟಿಆರ್-205 ಎಂಬ ನಮೂನೆಯಲ್ಲಿ ಲಿಖಿತ ವಿಚಾರಣೆ ಕೇಳಬಹುದು. ದಂಡದ ಪೂರ್ತಿ ಮೊತ್ತವನ್ನು ಮೊದಲೇ ಠೇವಣಿ ಇಡಬೇಕು, ಇದೊಂದು ನೋವು: ಮೂಲ ದಂಡ 35 ಡಾಲರ್ ಆದರೂ ಮೇಲಿನ ಹೇರಿಕೆಗಳೆಲ್ಲ ಸೇರಿ 230 ದಾಟುತ್ತದೆ. ನನ್ನ ಹೇಳಿಕೆ ಒಂದೇ ಪುಟ. 'ನಾನು ಅಷ್ಟು ವೇಗವಾಗಿ ಹೋಗುತ್ತಿರಲಿಲ್ಲ' ಎಂದು ಎಲ್ಲಿಯೂ ಬರೆಯಲಿಲ್ಲ. ಪ್ರಮಾಣದ ಮೇಲೆ ಸುಳ್ಳು ಹೇಳಬಾರದು, ದಯವಿಟ್ಟು ನೀವೂ ಹೇಳಬೇಡಿ. ಸಮೀಕ್ಷೆಯ ಪ್ರತಿ ಲಗತ್ತಿಸಿ, ಸ್ಪೀಡ್ ಟ್ರ್ಯಾಪ್ ಕುರಿತ 40802 ಮತ್ತು 40803ನೇ ಸೆಕ್ಷನ್‌ಗಳನ್ನು ಉಲ್ಲೇಖಿಸಿದೆ. ಸುಮಾರು ಎರಡು ತಿಂಗಳ ಮೇಲೆ 'ತಪ್ಪಿತಸ್ಥರಲ್ಲ' ಎಂಬ ತೀರ್ಪು ಅಂಚೆಯಲ್ಲಿ ಬಂತು, ಆಮೇಲೆ ಠೇವಣಿಯ ಚೆಕ್ ಬಂತು.

ಸೋತರೂ ದಾರಿ ಮುಚ್ಚುವುದಿಲ್ಲ. ತೀರ್ಪು ಅಂಚೆಗೆ ಬಿದ್ದ 20 ದಿನಗಳೊಳಗೆ ಟಿಆರ್-220 ನಮೂನೆ ಸಲ್ಲಿಸಿದರೆ ನ್ಯಾಯಾಧೀಶರ ಎದುರು ಹೊಸದಾಗಿ ವಿಚಾರಣೆ ನಡೆಯುತ್ತದೆ. ಸಮೀಕ್ಷೆ ಹೊಸದಾಗಿದ್ದು, ನಿಮ್ಮ ವೇಗ ನಿಜಕ್ಕೂ ಹೆಚ್ಚಿತ್ತೆಂದು ನಿಮಗೇ ಅನ್ನಿಸಿದರೆ ಮಾತ್ರ ದಂಡ ಕಟ್ಟಿ ಟ್ರಾಫಿಕ್ ಸ್ಕೂಲ್, ಅಂದರೆ ಸುರಕ್ಷಿತ ಚಾಲನೆಯ ಪಾಠ, ಮುಗಿಸಿ. 18 ತಿಂಗಳಿಗೊಮ್ಮೆ ಆ ಅವಕಾಶವಿದೆ, ಈ ತಪ್ಪಿಗೆ ನಿಮ್ಮ ಚಾಲನಾ ದಾಖಲೆಗೆ ಸೇರುವ ಪಾಯಿಂಟ್ ವಿಮಾ ಕಂಪನಿಯ ಕಣ್ಣಿಗೆ ಬೀಳುವುದಿಲ್ಲ.

ಟಿಕೆಟ್‌ನಲ್ಲಿರುವ ದಿನಾಂಕ ಮಾತ್ರ ದಾಟಬೇಡಿ. ಸಮೀಕ್ಷೆ ಕೇಳಿ ಇವತ್ತೇ ಇಮೇಲ್ ಕಳಿಸಿ. ಅದು ಕೈಗೆ ಬಂದ ಮೇಲೆ ಅದರ ಮೇಲಿನ ದಿನಾಂಕವನ್ನು ಇಲ್ಲಿ ಬರೆಯಿರಿ, ಹೇಳಿಕೆ ಬರೆಯಲು ನೆರವಾಗುತ್ತೇನೆ.