ನಕ್ಷೆ ಹಿಡಿದು ಸೈಕಲ್ ರೇಸ್: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಂದಿ ಬೆಟ್ಟಕ್ಕೆ ವಾರವಾರ ಸೈಕಲ್ ಹತ್ತಿಸುತ್ತೇನೆ. ನಕ್ಷೆ ನೋಡಿ ದಾರಿ ಹುಡುಕುತ್ತಾ ಸೈಕಲ್ ಓಡಿಸುವ ಮೌಂಟನ್ ಬೈಕ್ ಓರಿಯಂಟೀರಿಂಗ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಇದೆಯಂತೆ. ನನ್ನಂಥವರು ಹೋಗಬಹುದಾ? ಫೋನಲ್ಲಿ ಮ್ಯಾಪ್ ನೋಡಿಕೊಂಡು ಹೋದರಾಯ್ತು ಅಲ್ವಾ?
– ಓದುಗರೊಬ್ಬರು, ಚಿಂತಾಮಣಿ

ಫೋನ್ ನೋಡುವಂತಿಲ್ಲ, ಅದನ್ನು ಮೊದಲು ಮರೆತುಬಿಡಿ. ಹೊರಡುವ ಹೊತ್ತಿಗೆ ಕೈಗೆ ಸಿಗುವುದು ಕಾಗದದ ನಕ್ಷೆ. ಹ್ಯಾಂಡಲ್ ಮೇಲಿನ ತಿರುಗುವ ಹಲಗೆಗೆ ಅದನ್ನು ಸಿಕ್ಕಿಸಿಕೊಂಡು, ನೇರಳೆ ಸುತ್ತು ಹಾಕಿದ ಜಾಗಗಳಿಗೆ ನಂಬರಿನ ಪ್ರಕಾರ ಹೋಗಿ, ಜೊತೆಗಿರುವ ಎಲೆಕ್ಟ್ರಾನಿಕ್ ಚಿಪ್‌ನಲ್ಲಿ ಅಲ್ಲಿಗೆ ಬಂದ ಗುರುತು ಮಾಡಿಸಿಕೊಂಡು ಬರಬೇಕು. ಯಾವ ದಾರಿ ಹಿಡಿಯಬೇಕು ಅಂತ ಯಾರೂ ಹೇಳುವುದಿಲ್ಲ. ಈ ನಕ್ಷೆಯಲ್ಲಿ ಸೈಕಲ್ ಎಷ್ಟು ಬೇಗ ಓಡುತ್ತದೆ ಅನ್ನುವುದಕ್ಕೆ ನಾಲ್ಕು ದರ್ಜೆ ಇವೆ. ಕಡಿಯದ ಗೆರೆ ಇದ್ದರೆ ಸಲೀಸು ದಾರಿ, ಗೆರೆ ತುಂಡಾಗುತ್ತಾ ಹೋದಂತೆ ನಿಧಾನ, ಬರೀ ಚುಕ್ಕೆ ಇದ್ದರೆ ಬಹುಶಃ ಇಳಿದು ತಳ್ಳುವುದೇ ಗತಿ. ಚುಕ್ಕೆಯ ಅರ್ಧ ಕಿಲೋಮೀಟರ್ ಅಡ್ಡದಾರಿಯಾ, ಒಂದೂವರೆ ಕಿಲೋಮೀಟರ್ ಸುತ್ತುವ ಸಲೀಸು ದಾರಿಯಾ? ಪೆಡಲ್ ತುಳಿಯುತ್ತಲೇ ಲೆಕ್ಕ ಹಾಕಬೇಕು. ನಂದಿಯ ಡಾಂಬರು ರಸ್ತೆ ಕಾಲು ಗಟ್ಟಿ ಮಾಡುತ್ತದೆ, ಇದನ್ನು ಕಲಿಸುವುದಿಲ್ಲ.

ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು 2002ರಲ್ಲಿ, ಫ್ರಾನ್ಸ್‌ನಲ್ಲಿ. ಅದಕ್ಕೆ ನೀವಾಗಿ ಹೆಸರು ಕೊಡೋಕೆ ಆಗಲ್ಲ, ದೇಶದ ಓರಿಯಂಟೀರಿಂಗ್ ಫೆಡರೇಷನ್ ಮೂಲಕವೇ ಹೋಗಬೇಕು. ಆದರೆ ಅದರ ಜೊತೆಗೇ ಸಾಮಾನ್ಯವಾಗಿ ಎಲ್ಲರಿಗೂ ತೆರೆದ ರೇಸ್‌ಗಳನ್ನೂ ಇಡುತ್ತಾರೆ. ಮೊದಲ ಸಲಕ್ಕೆ ಅದೇ ಸರಿ.

ಪ್ರಶ್ನೆ: ನಾವು ಗೆಳೆಯರು ಸೇರಿ ಕೋಲಾರದಲ್ಲೇ ಇದನ್ನು ನಡೆಸೋಣ ಅಂತಿದ್ದೇವೆ. ಹೊರದೇಶದವರನ್ನೂ ಕರೆಯುವ ಆಸೆ. ಅಂತರಗಂಗೆ ಬೆಟ್ಟ ಆಗುತ್ತಾ?
– ಓದುಗರೊಬ್ಬರು, ಮಾಲೂರು

ಅಂತರಗಂಗೆ ಬೇಡ. ಬಂಡೆ, ಮೆಟ್ಟಿಲು, ಮೇಲಿಂದ ಕೋತಿ ಕಾಟ. ನಿಮಗೆ ಬೇಕಿರುವುದು ಒಂದಕ್ಕೊಂದು ಕೂಡುವ ದಾರಿಗಳು ಜಾಸ್ತಿ ಇರುವ ಜಾಗ. ನಮ್ಮ ನೀಲಗಿರಿ ತೋಪುಗಳೇ ಚೆನ್ನ: ಟ್ರ್ಯಾಕ್ಟರ್ ಜಾಡು, ಕುರಿ ಕಾಯುವವರ ಕಾಲುದಾರಿ, ಪಕ್ಕದಲ್ಲೇ ಕೆರೆ ಏರಿ. ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ ಬರಹದಲ್ಲೇ ಇರಲಿ, ಖಾಸಗಿ ತೋಪಾದರೆ ಮಾಲೀಕರನ್ನು ಕೇಳಿ.

ಕೆಲಸದ ಮುಕ್ಕಾಲು ಪಾಲು ನಕ್ಷೆಯೇ. ಓಪನ್ ಓರಿಯಂಟೀರಿಂಗ್ ಮ್ಯಾಪರ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಆದರೆ ಉಪಗ್ರಹ ಚಿತ್ರ ನೋಡಿ ಗೆರೆ ಎಳೆದರೆ ಸಾಲದು, ಪ್ರತಿ ದಾರಿಯಲ್ಲೂ ಸೈಕಲ್ ಓಡಿಸಿಯೇ ದರ್ಜೆ ಹಾಕಬೇಕು. ಒಂದು ಜೋರು ಮಳೆ ಬಂದರೆ ಕೆಂಪು ಮಣ್ಣು ಕೊರಕಲು ಬಿದ್ದು ಸಲೀಸು ದಾರಿ ಚುಕ್ಕೆ ದಾರಿಯಾಗುತ್ತದೆ, ಹಾಗಾಗಿ ರೇಸ್ ಹತ್ತಿರ ಬಂದಾಗ ಮತ್ತೊಮ್ಮೆ ತಿರುಗಿ. ಕಟ್ಟೆಯಿಲ್ಲದ ಪಾಳು ಬಾವಿಗಳಿಗೆ ಸುತ್ತ ಟೇಪ್ ಕಟ್ಟಲೇಬೇಕು. ಇನ್ನೊಂದು, ಇಬ್ಬರು ನಕ್ಷೆ ನೋಡುತ್ತಾ ಇಕ್ಕಟ್ಟಿನ ಇಳಿಜಾರಿನಲ್ಲಿ ಎದುರುಬದುರು ಬಂದರೆ ಏನಾಗುತ್ತೆ ಯೋಚಿಸಿ, ಅಂಥ ಕಡೆ ಎರಡೂ ದಿಕ್ಕಿನ ಓಡಾಟ ಬಾರದಂತೆ ಕೋರ್ಸ್, ಅಂದರೆ ಮುಟ್ಟಬೇಕಾದ ಜಾಗಗಳ ಸರಣಿ, ಹಾಕಿ. ಹೊರದೇಶದವರನ್ನು ಕರೆದು, ವಿಶ್ವ ರ‍್ಯಾಂಕಿಂಗ್‌ಗೆ ಲೆಕ್ಕವಾಗುವ ರೇಸೇ ಬೇಕಾದರೆ ಫೆಡರೇಷನ್ ಮೂಲಕ ಅರ್ಜಿ ಹೋಗಬೇಕು, ಅಧಿಕೃತ ಸಲಹೆಗಾರರು ನಕ್ಷೆ, ಕೋರ್ಸ್ ಎರಡನ್ನೂ ತಪಾಸಣೆ ಮಾಡುತ್ತಾರೆ. ಈ ವರ್ಷ ಊರಿನ ಹುಡುಗರಿಗೇ ಒಂದು ನಡೆಸಿ.

ಪ್ರಶ್ನೆ: ದಾರಿ ತಪ್ಪಿದರೆ ತೋಪಿನೊಳಗೆ ಅಡ್ಡ ಹಾಯಬಹುದಾ?
– ಓದುಗರೊಬ್ಬರು, ಗೌರಿಬಿದನೂರು

ಸಂಘಟಕರು ಒಪ್ಪಿದ ಕಡೆ ಮಾತ್ರ. ಎಲ್ಲೇ ಹೋದರೂ ಸೈಕಲ್ ಜೊತೆಗಿರಬೇಕು, ಚೈನ್ ತುಂಡಾದರೆ ತಳ್ಳಿಕೊಂಡೋ ಹೊತ್ತುಕೊಂಡೋ ಬನ್ನಿ. ಜಾಲಿ ಮುಳ್ಳಿಗಂತೂ ಪಂಕ್ಚರ್ ಸಾಮಾನು ಇಟ್ಟುಕೊಂಡೇ ಹೊರಡಿ.