ಪ್ರತಿಕ್ರಿಯೆ: ಬೆಂಗಳೂರಿನಿಂದ ಸಾಗರಕ್ಕೆ ನೇರ ರೈಲೇ ತೋರಿಸುತ್ತಿಲ್ಲ, ಯಾಕೆ?

ನೀವು ಹುಡುಕುತ್ತಿರುವುದು ಬಹುಶಃ ಮಧ್ಯಪ್ರದೇಶದ ಸಾಗರ. ಅದರ ನಿಲ್ದಾಣದ ಕೋಡ್ ಎಸ್‌ಜಿಒ. ಟಿಕೆಟ್ ಆ್ಯಪ್ ಎರಡು ದಿನದ ದಾರಿ ತೋರಿಸುತ್ತಿದೆ ಅಂದರೆ ಇದೇ ಕಾರಣ ಇರಬೇಕು. ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ನಿಲ್ದಾಣ ರೈಲ್ವೆ ಲೆಕ್ಕದಲ್ಲಿ 'ಸಾಗರ ಜಂಬಗಾರು'.

ಮೊದಲು ತಲುಪುವ ನಿಲ್ದಾಣದ ಜಾಗದಲ್ಲಿ ಅದರ ಕೋಡ್ ಎಸ್‌ಆರ್‌ಎಫ್ (SRF) ಅಂತ ಇಂಗ್ಲಿಷಿನಲ್ಲಿ ಹಾಕಿ. ರಾತ್ರಿ ರೈಲು ಬೇಕು ಅಂದಿರಲ್ಲ, ಮೈಸೂರಿನಿಂದ ಬೆಂಗಳೂರು ಮೇಲೆ ತಾಳಗುಪ್ಪಕ್ಕೆ ಹೋಗುವ 16227 ನೋಡಿ. ಸಾಗರಕ್ಕೆ ಸೀಟು ಸಿಗದಿದ್ದರೆ ತಾಳಗುಪ್ಪದವರೆಗೆ ಹುಡುಕಿ. ಅದು ಕೊನೆಯ ನಿಲ್ದಾಣ, ಕೋಡ್ ಟಿಎಲ್‌ಜಿಪಿ. ಅಲ್ಲಿಗೆ ಟಿಕೆಟ್ ತೆಗೆದು ಸಾಗರದಲ್ಲೇ ಇಳಿಯಬಹುದು, ತೊಂದರೆ ಇಲ್ಲ. ಅದೂ ಆಗದಿದ್ದರೆ ಶಿವಮೊಗ್ಗ ಟೌನ್‌ವರೆಗೆ ರೈಲು, ಅಲ್ಲಿಂದ ಬಸ್ಸು, ಸುಮಾರು 70 ಕಿ.ಮೀ.

ಗೊತ್ತಾಗದೆ ಎಸ್‌ಜಿಒಗೆ ಟಿಕೆಟ್ ತೆಗೆದಿದ್ದೀರಾ? ಹಾಗಿದ್ದರೆ ಇವತ್ತೇ ರದ್ದು ಮಾಡಿ. ತಲುಪುವ ಊರು ಬದಲಿಸಲು ಆ್ಯಪ್‌ನಲ್ಲಿ ಆಗುವುದಿಲ್ಲ, ತಡ ಮಾಡಿದಷ್ಟೂ ಕಡಿತ ಜಾಸ್ತಿ.

ವಯಸ್ಸಾದ ಅಮ್ಮ ಜೊತೆಗಿದ್ದಾರೆ ಅಂತ ಬರೆದಿದ್ದೀರಿ, ಅದಕ್ಕೆ ಇದನ್ನೂ ಹೇಳುತ್ತೇನೆ. ರೈಲು ಸಾಗರದಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಶಿವಮೊಗ್ಗ ಬಿಟ್ಟ ಮೇಲೆ ಕುಂಸಿ, ಅರಸಾಳು, ಆಮೇಲೆ ಆನಂದಪುರ. ಆನಂದಪುರದ ಹಳದಿ ಬೋರ್ಡು ಕಂಡ ತಕ್ಷಣ ಹೊದಿಕೆ ಮಡಚಿ, ಚೀಲಗಳನ್ನು ಬಾಗಿಲ ಹತ್ತಿರ ತಂದಿಡಿ. ಕೆಳಗಿನ ಬರ್ತ್‌ಗೆ ಟಿಕೆಟ್ ತೆಗೆಯುವಾಗ ಅಮ್ಮನ ವಯಸ್ಸು ಸರಿಯಾಗಿ ಹಾಕಿ. ರೈಲಿನ ಸಮಯ ಆಗಾಗ ಬದಲಾಗುತ್ತದೆ, ಹೊರಡುವ ದಿನ ರೈಲ್ವೆ ವಿಚಾರಣೆಯ ನಂಬರ್ 139ಕ್ಕೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.